ಡ್ಯಾಶ್‌ಬೋರ್ಡ್ ಒಂದು ಹೇಳುತ್ತದೆ, ಲೆಡ್ಜರ್ ಇನ್ನೊಂದು ಹೇಳುತ್ತದೆ: ಮೊದಲ ಹೆಜ್ಜೆ ಯಾರದು?

ಸಾಮಾನ್ಯವಾಗಿ ಇಲ್ಲಿ ಎಸ್‌ಐಪಿ, ಎನ್‌ಆರ್‌ಇ ಖಾತೆ, ಊರಲ್ಲಿ ಸೈಟ್ ಕೊಳ್ಳಬೇಕೋ ಬೇಡವೋ ಎಂಬಂತಹ ವಿಷಯ ಬರೆಯುತ್ತೇನೆ. ಇವತ್ತಿನ ವಿಷಯ ಆಫೀಸಿನದು. ಆದರೆ ಕೊನೆಗೆ ಇದು ನಿಮ್ಮ ನೌಕರಿಗೂ, ನೀವು ಷೇರು ಕೊಂಡಿರುವ ಕಂಪನಿಗಳಿಗೂ ಬಂದು ತಾಗುತ್ತದೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ದೋಹಾದಲ್ಲಿ ನಮ್ಮ ವಾರ ಶುರುವಾಗುವುದು ಭಾನುವಾರ. ಭಾನುವಾರ ಬೆಳಿಗ್ಗೆಯ ಮೀಟಿಂಗ್‌ನಲ್ಲಿ ಎಷ್ಟೋ ಕಂಪನಿಗಳಲ್ಲಿ ನಡೆಯುವ ನಾಟಕ ಒಂದೇ. ಗೋಡೆಯ ಮೇಲಿನ ಪರದೆಯಲ್ಲಿ ಡೇಟಾ ಟೀಮ್‌ನವರ ಡ್ಯಾಶ್‌ಬೋರ್ಡ್ ಕಳೆದ ತಿಂಗಳ ಮಾರಾಟ ಇಷ್ಟು ಎನ್ನುತ್ತದೆ. ಫೈನಾನ್ಸ್‌ನವರ ಕೈಯಲ್ಲಿರುವ ಶೀಟು ಅದಕ್ಕಿಂತ ಕಡಿಮೆ ಹೇಳುತ್ತದೆ. ಮ್ಯಾನೇಜ್‌ಮೆಂಟ್‌ನವರು "ಇದರಲ್ಲಿ ಯಾವುದು ಸರಿ?" ಎಂದು ಕೇಳುತ್ತಾರೆ. ಎರಡೂ ಕಡೆಯವರು "ನಮ್ಮದೇ" ಎನ್ನುತ್ತಾರೆ. ತಮಾಷೆಯೆಂದರೆ ಬಹಳ ಸಲ ಇಬ್ಬರ ಮಾತೂ ನಿಜ.

ಹೇಗೆ ಅಂತೀರಾ? ಒಂದು ಉದಾಹರಣೆ ನೋಡಿ.

ರಾತ್ರಿ 12ರಿಂದ 3ರವರೆಗಿನ ವ್ಯಾಪಾರ

ಕತಾರಿನ ಗಡಿಯಾರ ಯುಟಿಸಿಗಿಂತ 3 ಗಂಟೆ ಮುಂದಿದೆ. ಅನೇಕ ಸಿಸ್ಟಮ್‌ಗಳು ಪ್ರತಿ ವ್ಯವಹಾರದ ಸಮಯವನ್ನು ಯುಟಿಸಿಯಲ್ಲೇ ದಾಖಲಿಸುತ್ತವೆ. ಅಂದರೆ ದೋಹಾದಲ್ಲಿ ರಾತ್ರಿ 1 ಗಂಟೆಗೆ ಆದ ಮಾರಾಟ ಆ ಸಿಸ್ಟಮ್‌ಗೆ ಹಿಂದಿನ ದಿನ ರಾತ್ರಿ 10 ಗಂಟೆಯ ಮಾರಾಟ. ಉಳಿದ ದಿನಗಳಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗದು, ಮಧ್ಯರಾತ್ರಿ ಕಳೆದು ಯಾರು ಖರೀದಿಗೆ ಹೋಗುತ್ತಾರೆ? ಆದರೆ ರಂಜಾನ್‌ನಲ್ಲಿ, ಈದ್ ರಜೆಯಲ್ಲಿ ಇಲ್ಲಿ ಅಂಗಡಿ, ಹೋಟೆಲು, ಮಾಲ್ ಜೀವಂತವಾಗುವುದೇ ರಾತ್ರಿ.

2025ರಲ್ಲಿ ಈದುಲ್ ಫಿತ್ರ್ ಮಾರ್ಚ್ 30ಕ್ಕೆ ಬಂತು. ಮಾರ್ಚ್ 31ರ ರಾತ್ರಿ ಕಳೆದು ಏಪ್ರಿಲ್ 1ರ ಬೆಳಗಿನ ಜಾವ 3ರವರೆಗೆ ಆದ ವ್ಯಾಪಾರ ಫೈನಾನ್ಸ್ ಪುಸ್ತಕದಲ್ಲಿ ಏಪ್ರಿಲ್‌ನದು, ಅಂದರೆ ಎರಡನೇ ತ್ರೈಮಾಸಿಕದ್ದು. ಯುಟಿಸಿ ಆಧರಿಸಿದ ಡ್ಯಾಶ್‌ಬೋರ್ಡ್‌ನಲ್ಲಿ ಅದು ಮಾರ್ಚ್‌ನದು, ಮೊದಲ ತ್ರೈಮಾಸಿಕದ್ದು. ಮಾರ್ಚ್ 1ರ ಮೊದಲ 3 ಗಂಟೆ ಇದೇ ರೀತಿ ಫೆಬ್ರವರಿಗೆ ಹೋಗಿರುತ್ತದೆ, ನಿಜ. ಆದರೆ ಆ ರಾತ್ರಿಯ ವ್ಯಾಪಾರವೂ ಈದ್ ರಜೆಯ ರಾತ್ರಿಯ ವ್ಯಾಪಾರವೂ ಒಂದೇ ಅಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. "ದಿನ" ಅಂದರೆ ಏನು ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆ ಬೇರೆ, ಅಷ್ಟೇ.

ಇದೇ ರೀತಿ "ಮಾರಾಟ" ಎಂಬ ಪದ. ಡೇಟಾ ಟೀಮ್‌ಗೆ ಗ್ರಾಹಕ ಆರ್ಡರ್ ಒತ್ತಿದ ಕ್ಷಣ ಮಾರಾಟ. ಫೈನಾನ್ಸ್‌ಗೆ ಸರಕು ಗ್ರಾಹಕನ ಕೈ ಸೇರಿದ ಮೇಲೆ ಮಾರಾಟ. 2018ರ ಜನವರಿ 1ರಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 15 ಕೂಡ ಸರಕಿನ ಹಿಡಿತ ಗ್ರಾಹಕನಿಗೆ ದಾಟಿದಾಗಲೇ ಆದಾಯ ತೋರಿಸಿ ಎನ್ನುತ್ತದೆ. ವಾಪಸ್ ಬಂದ ಸರಕು, ಒಂದೇ ಗ್ರೂಪಿನ ಎರಡು ಕಂಪನಿಗಳ ನಡುವಿನ ವರ್ಗಾವಣೆ, ರಿಯಾಯಿತಿ ಕೂಪನ್, ಇವೆಲ್ಲ ಸೇರಿದರೆ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ.

ಇಷ್ಟು ಮಾತ್ರ ಆಗಿದ್ದರೆ ಒಂದು ಮಧ್ಯಾಹ್ನ ಕೂತು ಸರಿ ಮಾಡಬಹುದಿತ್ತು. ನಿಜವಾದ ಕಂದಕ ಬೇರೆ ಕಡೆ ಇದೆ. ಅದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ನಾನು ಸುಮ್ಮನಿದ್ದ ಒಂದು ಮೀಟಿಂಗ್

2023ರ ಬೇಸಿಗೆಯ ಕೊನೆ. ಹೋಟೆಲ್, ಕೇಟರಿಂಗ್‌ನವರಿಗೆ ಆಹಾರ ಸಾಮಗ್ರಿ ಪೂರೈಸುವ ಒಂದು ಕಂಪನಿಯಲ್ಲಿ ನಾನು ಫೈನಾನ್ಸ್ ಕಡೆ ಇದ್ದೆ. ಹೆಸರು ಬೇಡ, ಯಾವ ಕಂಪನಿಯಲ್ಲಿ ಬೇಕಾದರೂ ಇದು ಆಗಬಹುದಿತ್ತು. ಡೇಟಾ ಟೀಮ್‌ನವರು ಕಷ್ಟಪಟ್ಟು ಒಂದು ಫೋರ್‌ಕಾಸ್ಟ್ ಮಾಡೆಲ್ ಕಟ್ಟಿದ್ದರು. 2021ರಿಂದ ಆವರೆಗಿನ ಪ್ರತಿ ಬಿಲ್ಲನ್ನೂ ಅದಕ್ಕೆ ಉಣಿಸಿದ್ದರು. ನವೆಂಬರ್, ಡಿಸೆಂಬರ್‌ನಲ್ಲಿ ಬೇಡಿಕೆ ಜೋರಾಗಿ ಏರುತ್ತದೆ ಎಂದು ಮಾಡೆಲ್ ಹೇಳಿತು.

ಕತಾರಿನಲ್ಲಿರುವ ಯಾರಿಗೇ ಆದರೂ ಕಾರಣ ಹೊಳೆಯಬೇಕು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಇಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯಿತು. 8 ಕ್ರೀಡಾಂಗಣ, 64 ಪಂದ್ಯ, ಈ ಪುಟ್ಟ ದೇಶಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಬಂದುಹೋದರು. ಡೇಟಾ ಟೀಮ್‌ನವರಿಗೂ ವಿಶ್ವಕಪ್ ಗೊತ್ತಿತ್ತು, ಅದಕ್ಕಾಗಿ ಸ್ವಲ್ಪ ಕಡಿತ ಮಾಡಿಯೇ ಇದ್ದರು. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನಮಗೆ ಗೊತ್ತಿತ್ತು. ಆ ಕಾಲದ ಪೂರೈಕೆಯಲ್ಲಿ ದೊಡ್ಡ ಪಾಲು ಒಂದೇ ಸಲದ ಕರಾರುಗಳಿಂದ ಬಂದಿತ್ತು. ನಮ್ಮ ಲೆಡ್ಜರ್‌ನಲ್ಲಿ ಅವಕ್ಕೆ ಪ್ರತ್ಯೇಕ ಪ್ರಾಜೆಕ್ಟ್ ಕೋಡ್ ಇತ್ತು. ಅವರ ಡೇಟಾಬೇಸ್‌ಗೆ ಆ ಕೋಡ್ ಹೋಗುತ್ತಲೇ ಇರಲಿಲ್ಲ. ಅಲ್ಲಿ ಅವು ಮಾಮೂಲಿ ಬಿಲ್ಲುಗಳೇ.

ಮೀಟಿಂಗ್‌ನಲ್ಲಿ ಆ ಗ್ರಾಫ್ ನೋಡಿ ಜಾಸ್ತಿಯಾಯಿತು ಅನ್ನಿಸಿತು. ನೋಟ್‌ಬುಕ್‌ನ ಅಂಚಿನಲ್ಲಿ "ಹೆಚ್ಚು" ಎಂದು ಬರೆದು ಕೆಳಗೆ ಗೆರೆ ಎಳೆದೆ. ಬಾಯಿ ಬಿಡಲಿಲ್ಲ. ನಮ್ಮ ಬಜೆಟ್ ಶೀಟನ್ನು ಅವರು ಹಿಂದೊಮ್ಮೆ "ಹಳೇ ಕಾಲದ್ದು" ಎಂದಿದ್ದು ಮನಸ್ಸಿನಲ್ಲಿತ್ತು. ಅವರ ಲೆಕ್ಕ, ಅವರೇ ನೋಡಿಕೊಳ್ಳಲಿ ಅಂದುಕೊಂಡೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಗ್ರಾಫ್ ನಂಬಿ ಸರಕು ತರಿಸಲಾಯಿತು. ಹೆಚ್ಚುವರಿ ಕೋಲ್ಡ್ ಸ್ಟೋರೇಜ್ ಒಂದು ವರ್ಷದ ಬಾಡಿಗೆಗೆ ಹಿಡಿದದ್ದಾಯಿತು. ಜನವರಿಯಲ್ಲಿ ಏಷ್ಯನ್ ಕಪ್ ಇಲ್ಲೇ ನಡೆದು ಸ್ವಲ್ಪ ಕೈ ಹಿಡಿಯಿತು, ಆದರೆ ಅದು ವಿಶ್ವಕಪ್ ಅಲ್ಲವಲ್ಲ. ದಿನಾಂಕ ಮೀರುತ್ತಿದ್ದ ಸರಕನ್ನು ಸಿಕ್ಕ ಬೆಲೆಗೆ ಮಾರಿದೆವು, ಉಳಿದದ್ದನ್ನು ಪುಸ್ತಕದಲ್ಲಿ ನಷ್ಟ ಬರೆದೆವು. ಆ ಎಂಟ್ರಿ ಹಾಕಿದ್ದು ನಮ್ಮ ಟೀಮೇ. ಕೆಲವು ತಿಂಗಳಲ್ಲಿ ಖರ್ಚು ಕಡಿತ ಎಂದು ಒಂದಷ್ಟು ಜನರನ್ನು ಕಳಿಸಿದರು. ಅವರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನೂ ಇದ್ದ, ಆ ಮಾಡೆಲ್ ಕಟ್ಟಿದವರಲ್ಲಿ ಒಬ್ಬ. ಮಗಳು ಆಗಷ್ಟೇ ಇಲ್ಲಿನ ಇಂಡಿಯನ್ ಸ್ಕೂಲಿಗೆ ಸೇರಿದ್ದಳು. ಗಲ್ಫ್‌ನಲ್ಲಿ ನಮ್ಮ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಮನೆ, ಸ್ಕೂಲು, ಕಾರಿನ ಸಾಲ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ.

ಹೊರಡುವ ಮೊದಲು ಅವನೊಂದಿಗೆ ಚಹಾ ಕುಡಿಯುವಾಗ ಆ ಪ್ರಾಜೆಕ್ಟ್ ಕೋಡ್‌ನ ವಿಷಯ ಹೇಗೋ ಮಾತಿನಲ್ಲಿ ಬಂತು. ಅವನು ಲೋಟ ಕೆಳಗಿಟ್ಟು ಕೇಳಿದ: "ಸರ, ನಿಮಗ ಇದು ಮೊದಲ ಗೊತ್ತಿತ್ತೇನ್ರಿ?"

ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ. ಹೌದು ಎಂದೆ. ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ.

ನನ್ನ ಅಭಿಪ್ರಾಯ: ಮೊದಲ ಹೆಜ್ಜೆ ಫೈನಾನ್ಸ್‌ನವರದು

ಫೈನಾನ್ಸ್ ಮತ್ತು ಡೇಟಾ ನಡುವಿನ ಕಂದಕದ ಬಗ್ಗೆ ಮಾತು ಬಂದಾಗಲೆಲ್ಲ ಸಿದ್ಧ ಉತ್ತರ ಒಂದಿರುತ್ತದೆ: ಹೊಸ ಸಾಫ್ಟ್‌ವೇರ್ ತನ್ನಿ. ಇಆರ್‌ಪಿ ಬದಲಾಯಿಸಿ, ಎಲ್ಲ ಡೇಟಾ ಒಂದೇ ಕಡೆ ಹಾಕಿ. ನಾನು ಇಂಥ ಎರಡು ಪ್ರಾಜೆಕ್ಟ್ ನೋಡಿದ್ದೇನೆ. ಎರಡು ತಪ್ಪು ಅರ್ಥಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿದರೆ ಅವು ಒಂದಾಗುವುದಿಲ್ಲ. ಆ ಪ್ರಾಜೆಕ್ಟ್ ಕೋಡ್‌ನ ಮಹತ್ವ ಯಾವ ಸಾಫ್ಟ್‌ವೇರ್‌ಗೂ ತಾನಾಗಿ ಗೊತ್ತಾಗುತ್ತಿರಲಿಲ್ಲ. ಅದು ನನ್ನ ತಲೆಯಲ್ಲಿತ್ತು.

ಎರಡನೇ ಉತ್ತರ: ಡೇಟಾ ಟೀಮ್‌ನವರು ವ್ಯಾಪಾರ ಕಲಿಯಲಿ. ಕಲಿಯಬೇಕು, ನಿಜ. ಆದರೆ ಯಾರು ಕಲಿಸಬೇಕು? ಅಂಕಿಯ ಹಿಂದಿನ ಕತೆ ಇರುವುದು ನಮ್ಮ ಹತ್ತಿರ. ಯಾವ ಗ್ರಾಹಕ ತಡವಾಗಿ ಕೊಡುತ್ತಾನೆ, ಯಾವ ಮಾರಾಟ ಒಂದೇ ಸಲದ್ದು, ಯಾವ ಖರ್ಚನ್ನು ಮುಂದಿನ ತಿಂಗಳಿಗೆ ದೂಡಲಾಗಿದೆ, ಎಲ್ಲ ನಮಗೆ ಗೊತ್ತು. ಆಡಿಟರ್ ಮುಂದೆ ಲೆಕ್ಕಕ್ಕೆ ಸಹಿ ಹಾಕುವವರೂ ನಾವೇ. ಗೊತ್ತಿರುವವನು ಮೊದಲು ಬಾಯಿ ಬಿಡಬೇಕು. ಗೊತ್ತಿಲ್ಲದವನಿಗೆ ಏನು ಕೇಳಬೇಕೆಂದೇ ತಿಳಿದಿರುವುದಿಲ್ಲ.

ಹಾಗೆಂದು ಫೈನಾನ್ಸ್‌ನವರು ಮೇಲು ಎಂದಲ್ಲ. ಪ್ರಪಂಚದ ಎರಡು ದೊಡ್ಡ ಏಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಆಫೀಸಿನ ಟ್ರೇಡಿಂಗ್‌ನಲ್ಲಿ ಸುಮಾರು 620 ಕೋಟಿ ಡಾಲರ್ ನಷ್ಟವಾಯಿತು, 'ಲಂಡನ್ ವೇಲ್' ಎಂದೇ ಹೆಸರಾದ ಪ್ರಕರಣ. ಬ್ಯಾಂಕಿನದೇ ತನಿಖೆಯಲ್ಲಿ ಹೊರಬಂದದ್ದು ಇದು: ಅಪಾಯ ಅಳೆಯುವ ಮಾಡೆಲ್ ಎಕ್ಸೆಲ್ ಶೀಟುಗಳ ಮೇಲೆ ನಡೆಯುತ್ತಿತ್ತು, ಅಂಕಿಗಳನ್ನು ಕೈಯಿಂದ ಕಾಪಿ ಪೇಸ್ಟ್ ಮಾಡಲಾಗುತ್ತಿತ್ತು, ಒಂದು ಕಡೆ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಲಾಗಿತ್ತು. ಅದರಿಂದ ಅಪಾಯ ಇದ್ದದ್ದಕ್ಕಿಂತ ಕಡಿಮೆ ಕಂಡಿತು. ನಷ್ಟಕ್ಕೆ ಅದೊಂದೇ ಕಾರಣವಲ್ಲ, ಆದರೆ ಒಳ್ಳೆಯ ಡೇಟಾ ಎಂಜಿನಿಯರ್ ಒಬ್ಬ ಆ ಶೀಟನ್ನು ನೋಡಿದ್ದರೆ ಮೊದಲ ದಿನವೇ ತಲೆ ಚಚ್ಚಿಕೊಳ್ಳುತ್ತಿದ್ದ.

ಇನ್ನೊಂದು ಕಡೆ ಅಮೆರಿಕದ ಜಿಲೋ. ಅಲ್ಗಾರಿದಮ್ ಹೇಳಿದ ಬೆಲೆಗೆ ಮನೆ ಕೊಂಡು ಮಾರುವ ವ್ಯಾಪಾರಕ್ಕೆ ಇಳಿದಿತ್ತು. ಮುಂದೆ ಮಾರಬಹುದಾದ ಬೆಲೆಗಿಂತ ಹೆಚ್ಚಿಗೆ ಕೊಟ್ಟು ಮನೆ ಕೊಂಡದ್ದು ಗೊತ್ತಾಗಿ, ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಬರೆದು, 2021ರ ನವೆಂಬರ್‌ನಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಕಾಲು ಭಾಗದಷ್ಟು ನೌಕರರು ಕೆಲಸ ಕಳೆದುಕೊಳ್ಳಬೇಕಾಯಿತು. ಮೊದಲನೆಯದರಲ್ಲಿ ಡೇಟಾ ಶಿಸ್ತಿಲ್ಲದ ಲೆಕ್ಕ. ಎರಡನೆಯದರಲ್ಲಿ, ನನ್ನ ದೃಷ್ಟಿಯಲ್ಲಿ, ಮಾಡೆಲ್‌ನ ಮೇಲೆ ಮಿತಿಮೀರಿದ ಭರವಸೆ.

ಬಲವಂತದ ಮದುವೆಯೂ ಬಾಳುತ್ತದೆ

ಇಬ್ಬರೂ ಒಂದೇ ಮೇಜಿಗೆ ಬರಲು ಸಾಧ್ಯವೇ ಎಂದರೆ ಇಲ್ಲಿನ ಬ್ಯಾಂಕುಗಳನ್ನೇ ನೋಡಿ. 2018ರ ಜನವರಿ 1ರಿಂದ ಕತಾರಿನ ಬ್ಯಾಂಕುಗಳಿಗೆ ಐಎಫ್‌ಆರ್‌ಎಸ್ 9 ಬಂತು. ಅದಕ್ಕೂ ಮೊದಲು ಸಾಲ ಕೆಟ್ಟ ಲಕ್ಷಣ ಕಂಡ ಮೇಲೆ ನಷ್ಟ ತೋರಿಸಿದರೆ ಸಾಕಿತ್ತು. ಈಗ ಸಾಲ ಕೊಟ್ಟ ದಿನವೇ, ಮುಂದೆ ಎಷ್ಟು ನಷ್ಟ ಬರಬಹುದು ಎಂದು ಅಂದಾಜಿಸಿ ಹಣ ತೆಗೆದಿಡಬೇಕು. ಸಾಲಗಾರ ಕೈಕೊಡುವ ಸಂಭವ ಎಷ್ಟು, ಕೊಟ್ಟರೆ ಆಗ ಬಾಕಿ ಎಷ್ಟಿರುತ್ತದೆ, ಅದರಲ್ಲಿ ಎಷ್ಟು ಮುಳುಗುತ್ತದೆ, ಈ ಮೂರನ್ನೂ ಲೆಕ್ಕ ಹಾಕಬೇಕು. ಅಕೌಂಟೆಂಟ್ ಒಬ್ಬನಿಂದ ಇದು ಆಗದು, ಡೇಟಾ ಸೈಂಟಿಸ್ಟ್ ಒಬ್ಬನಿಂದಲೂ ಆಗದು. ಫೈನಾನ್ಸ್, ರಿಸ್ಕ್, ಡೇಟಾ ಮೂವರೂ ಕೂತರೆ ಮಾತ್ರ ಆ ಒಂದು ಅಂಕಿ ಹುಟ್ಟುತ್ತದೆ, ಅದನ್ನು ಆಡಿಟರ್ ಮುಂದೆ ಸಮರ್ಥಿಸಿಕೊಳ್ಳಲೂ ಮೂವರೂ ಬೇಕು. ನಿಯಮ ಬಲವಂತವಾಗಿ ಮಾಡಿಸಿದ ಮದುವೆ. ಆದರೂ ಸಂಸಾರ ನಡೆಯುತ್ತಿದೆ. ಬ್ಯಾಂಕಲ್ಲದ ನಮ್ಮಂಥ ಕಂಪನಿಗಳಿಗೆ ಅಂಥ ಬಲವಂತ ಮಾಡುವವರಿಲ್ಲ. ನಾವೇ ಮಾಡಿಕೊಳ್ಳಬೇಕು.

ನಮಗೆ ಇದು ಹೊಸದೂ ಅಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ನಾನು ಚಿಕ್ಕವನಿದ್ದಾಗ ಅಪ್ಪನ ಅಂಗಡಿಗೂ ಪಿಗ್ಮಿಯವರು ದಿನಾ ಬರುತ್ತಿದ್ದರು. ಹಣ ಎಣಿಸಿ, ಪುಸ್ತಕದಲ್ಲಿ ಬರೆದು, ಎರಡು ಮಾತಾಡಿ ಹೋಗುತ್ತಿದ್ದರು. ಗ್ರಾಹಕನ ಪುಸ್ತಕ, ಅವರ ಪುಸ್ತಕ, ಬ್ಯಾಂಕಿನ ಲೆಡ್ಜರ್, ಮೂರೂ ತಾಳೆಯಾಗಬೇಕಿತ್ತು. ಆದರೆ ಅವರಿಗೆ ಇನ್ನೂ ಒಂದು ಗೊತ್ತಿತ್ತು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಮೀನು ವ್ಯಾಪಾರಿಯ ಪಿಗ್ಮಿ ಏಕೆ ಇಳಿಯುತ್ತದೆ, ಅವನಿಗೆ ಸಾಲ ಕೊಡಬಹುದೋ ಇಲ್ಲವೋ ಎಂಬುದು. ಅಂಕಿಯೂ ಕತೆಯೂ ಒಬ್ಬರ ಹತ್ತಿರವೇ ಇತ್ತು. ಕಂಪನಿ ದೊಡ್ಡದಾದಾಗ ನಾವು ಅಂಕಿಯನ್ನು ಒಂದು ಮಹಡಿಗೆ, ಕತೆಯನ್ನು ಇನ್ನೊಂದು ಮಹಡಿಗೆ ಕಳಿಸಿದ್ದೇವೆ.

ನಾವು ಈಗ ಏನು ಮಾಡುತ್ತೇವೆ

ಈಗ ನಾನಿರುವ ಕಡೆ ನಾಲ್ಕು ಕೆಲಸ ಮಾಡುತ್ತಿದ್ದೇವೆ. ಯಾವುದಕ್ಕೂ ಹೊಸ ಸಾಫ್ಟ್‌ವೇರ್ ಬೇಕಾಗಿಲ್ಲ.

ಒಂದು, ಪದಗಳ ಪಟ್ಟಿ. ಮಾರಾಟ, ಗ್ರಾಹಕ, ದಿನ, ವಾಪಸಾತಿ, ಲಾಭ, ಪ್ರತಿಯೊಂದಕ್ಕೂ ಒಂದೇ ವಾಕ್ಯದ ಅರ್ಥ. ಎದುರಿಗೆ ಅದಕ್ಕೆ ಜವಾಬ್ದಾರರ ಹೆಸರು, ಕೊನೆಯ ಸಲ ಬದಲಾದ ದಿನಾಂಕ. ಒಟ್ಟು ಒಂದೂವರೆ ಪುಟ.

ಎರಡು, ತಿಂಗಳಿಗೊಮ್ಮೆ ತಾಳೆ. ಡ್ಯಾಶ್‌ಬೋರ್ಡ್‌ನಿಂದ ಶುರು ಮಾಡಿ ಲೆಡ್ಜರ್‌ವರೆಗೆ ಮೆಟ್ಟಿಲು ಇಳಿದಂತೆ ಬರೆಯುವುದು. ಉದಾಹರಣೆಗೆ ಡ್ಯಾಶ್‌ಬೋರ್ಡ್ 1000 ಎನ್ನುತ್ತದೆ ಎಂದುಕೊಳ್ಳಿ. ವಾಪಸ್ ಬಂದದ್ದು 28, ಇನ್ನೂ ಡೆಲಿವರಿ ಆಗದ್ದು 35, ಗ್ರೂಪಿನ ಒಳಗಿನ ವರ್ಗಾವಣೆ 12, ಸಮಯದ ವ್ಯತ್ಯಾಸ 5. ಕಳೆದರೆ 920. ಲೆಡ್ಜರ್ 918 ಎನ್ನುತ್ತದೆ. ವಿವರಣೆ ಸಿಗದ್ದು 2. ವ್ಯತ್ಯಾಸ ಇರಲೇಬಾರದು ಎಂದು ಹಟ ಹಿಡಿಯುವುದಿಲ್ಲ. ಇರುವ ವ್ಯತ್ಯಾಸಕ್ಕೆ ಹೆಸರಿರಬೇಕು, ಆ ಕೊನೆಯ ಸಾಲು ತಿಂಗಳಿಂದ ತಿಂಗಳಿಗೆ ಬೆಳೆಯಬಾರದು.

ಮೂರು, ಘಟನೆಗಳ ಡೈರಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕತಾರಿನಲ್ಲಿ "ಸಾಧಾರಣ ವರ್ಷ" ಸಿಗುವುದೇ ಅಪರೂಪ. 2017ರ ಜೂನ್ 5ರಿಂದ 2021ರ ಜನವರಿವರೆಗೆ ನೆರೆ ದೇಶಗಳ ದಿಗ್ಬಂಧನ. 2020ರಲ್ಲಿ ಕೋವಿಡ್. 2022ರಲ್ಲಿ ವಿಶ್ವಕಪ್. ಜೊತೆಗೆ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಬೇಸಿಗೆ ರಜೆಗೆ ಅರ್ಧ ಆಫೀಸು ಊರಿಗೆ ಹೋಗಿರುತ್ತದೆ. ಇವೆಲ್ಲದರ ದಿನಾಂಕ, ಜೊತೆಗೆ ನಮ್ಮ ಒಂದೇ ಸಲದ ಕರಾರುಗಳು, ಒಂದು ಶೀಟಿನಲ್ಲಿವೆ. ಅದನ್ನು ಬರೆಯುವವರು ಫೈನಾನ್ಸ್‌ನವರು. ಮಾಡೆಲ್ ಕಟ್ಟುವವರು ಅದನ್ನು ಓದದೆ ಮುಂದೆ ಹೋಗುವಂತಿಲ್ಲ.

ನಾಲ್ಕು, ಕುರ್ಚಿ ಬದಲಾವಣೆ. ತಿಂಗಳ ಕ್ಲೋಸಿಂಗ್‌ನಲ್ಲಿ ಡೇಟಾ ಟೀಮ್‌ನ ಒಬ್ಬರು ನಮ್ಮ ಜೊತೆ ಒಂದು ದಿನ ಕೂರುತ್ತಾರೆ. ಫೋರ್‌ಕಾಸ್ಟ್ ಮೇಲಿನವರಿಗೆ ಹೋಗುವ ಮೊದಲು ನಮ್ಮಲ್ಲೊಬ್ಬರು ಅವರ ಜೊತೆ ಕೂತು, ಒಪ್ಪಿಗೆಯೋ ಆಕ್ಷೇಪವೋ ಬರವಣಿಗೆಯಲ್ಲಿ ಕೊಡಬೇಕು. ನೋಟ್‌ಬುಕ್ ಅಂಚಿನಲ್ಲಿ ಬರೆದುಕೊಂಡು ಸುಮ್ಮನಿರುವ ಅವಕಾಶ ಈಗ ನನಗಿಲ್ಲ.

ಇದಕ್ಕೆ ಸಮಯ ಬೇಕು, ಒಪ್ಪುತ್ತೇನೆ. ಕ್ಲೋಸಿಂಗ್ ವಾರದಲ್ಲಿ ಊಟಕ್ಕೇ ಪುರುಸೊತ್ತಿರುವುದಿಲ್ಲ, ಇನ್ನು ಪಾಠ ಹೇಳಲು ಎಲ್ಲಿಂದ ಸಮಯ ಎಂದು ನಮ್ಮವರೇ ಗೊಣಗಿದರು. ಆದರೆ ಭಾನುವಾರದ ಮೀಟಿಂಗ್‌ನಲ್ಲಿ ಯಾವ ಅಂಕಿ ಸರಿ ಎಂದು ಕಳೆಯುತ್ತಿದ್ದ ಹೊತ್ತು ಉಳಿಯತೊಡಗಿದ ಮೇಲೆ ಗೊಣಗಾಟ ಕಡಿಮೆಯಾಗಿದೆ.

ಹೂಡಿಕೆದಾರರಾಗಿ ನೀವು ಏನು ನೋಡಬೇಕು

ನೀವು ಷೇರು ಕೊಂಡಿರುವ ಕಂಪನಿಯ ಒಳಗೆ ಈ ಎರಡು ಟೀಮ್ ಮಾತಾಡುತ್ತವೆಯೋ ಇಲ್ಲವೋ ಎಂದು ಹೊರಗಿನಿಂದ ಪೂರ್ತಿ ತಿಳಿಯದು. ಸುಳಿವುಗಳು ಮಾತ್ರ ಸಿಗುತ್ತವೆ. ಮಾರಾಟಕ್ಕಿಂತ ವೇಗವಾಗಿ ದಾಸ್ತಾನು ಬೆಳೆಯುತ್ತಿದೆಯೇ? "ಒಂದೇ ಸಲದ ನಷ್ಟ" ಎಂಬುದು ವರ್ಷ ವರ್ಷವೂ ಬರುತ್ತಿದೆಯೇ? "ಸಕ್ರಿಯ ಗ್ರಾಹಕ" ಎಂಬ ಪದದ ಅರ್ಥ ಸದ್ದಿಲ್ಲದೆ ಬದಲಾಗಿದೆಯೇ? ಆಡಂಬರದ ಪ್ರೆಸೆಂಟೇಷನ್‌ನ ಅಂಕಿಯನ್ನೂ ಹಣಕಾಸು ವರದಿಯ ಅಂಕಿಯನ್ನೂ ಜೋಡಿಸುವ ತಃಖ್ತೆ ಎಲ್ಲಾದರೂ ಇದೆಯೇ?

ಗಲ್ಫ್‌ನ ಗ್ರಾಹಕ ಸರಕಿನ ಕಂಪನಿಗಳಲ್ಲಿ ಹಣ ಹಾಕಿದವರಿಗೆ ಇನ್ನೊಂದು ಮಾತು. 2024ರಲ್ಲಿ ಈದುಲ್ ಫಿತ್ರ್ ಏಪ್ರಿಲ್ 10ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ಅಂದರೆ ಹಬ್ಬದ ಖರೀದಿಯ ಬಹುಪಾಲು ಎರಡನೇ ತ್ರೈಮಾಸಿಕದಿಂದ ಮೊದಲನೆಯದಕ್ಕೆ ಸರಿಯಿತು. ಹಾಗಾಗಿ 2025ರ ಮೊದಲ ತ್ರೈಮಾಸಿಕದ ಬೆಳವಣಿಗೆ ನೋಡಿ ಹಿಗ್ಗುವ ಮೊದಲು, ಎರಡನೆಯದರ ಇಳಿಕೆ ನೋಡಿ ಮಾರುವ ಮೊದಲು, ಎರಡನ್ನೂ ಕೂಡಿಸಿ ಹಿಂದಿನ ವರ್ಷದ ಅರ್ಧವರ್ಷಕ್ಕೆ ಹೋಲಿಸಿ. ಇದನ್ನು ತಾನಾಗಿ ವಿವರಿಸುವ ಕಂಪನಿಯ ಒಳಗೆ ಯಾರೋ ಇಬ್ಬರು ಮಾತಾಡುತ್ತಿದ್ದಾರೆ ಎಂದು ನಾನು ಅಂದುಕೊಳ್ಳುತ್ತೇನೆ.

ಕೊನೆಯದಾಗಿ, ನಮ್ಮವರಿಗೊಂದು ಮಾತು. ಇಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತರೆ ಮುಂದೆ ಕರಾವಳಿಯ ಅಕೌಂಟೆಂಟ್ ಇರುತ್ತಾರೆ, ಹಿಂದೆ ಬೆಂಗಳೂರಿನ ಡೇಟಾ ಎಂಜಿನಿಯರ್. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಊರ ಸುದ್ದಿ ಎಲ್ಲ ಮಾತಾಡುತ್ತೇವೆ, ಕೆಲಸದ ವಿಷಯ ಮಾತ್ರ ಬೇಡ ಎನ್ನುತ್ತೇವೆ. ಮುಂದಿನ ಸಲ ಒಂದು ಪ್ರಶ್ನೆ ಕೇಳಿ ನೋಡಿ: "ನಿಮ್ಮಲ್ಲಿ ಮಾರಾಟ ಅಂದರೆ ಯಾವುದನ್ನು ಲೆಕ್ಕ ಹಿಡಿಯುತ್ತೀರಿ?" ನೀವು ಫೈನಾನ್ಸ್‌ನವರಾದರೆ, ಅದಕ್ಕೂ ಮೊದಲು ನಿಮ್ಮ ಆಫೀಸಿನಲ್ಲೇ ನಿಮಗೆ ಗೊತ್ತಿದ್ದು ಪಕ್ಕದ ಟೀಮ್‌ಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಈ ವಾರ ಹೋಗಿ ಹೇಳಿ.

ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ಕೆಲಸ ಚೆನ್ನಾಗಿದೆಯಂತೆ. ಮೊನ್ನೆ ನಮ್ಮ ಘಟನೆಗಳ ಡೈರಿಯ ಬಗ್ಗೆ ಫೋನಿನಲ್ಲಿ ಹೇಳಿದೆ. "ಇದ ಆಗ ಇದ್ದಿದ್ರ ಛಲೋ ಆಗ್ತಿತ್ತ ಸರ" ಎಂದ. ಹೌದು ಎಂದೆ. ಈ ಬರಹ ಬರೆಯಲು ಕೂತದ್ದು ಆ ಫೋನ್ ಇಟ್ಟ ಮೇಲೆಯೇ.